ಕಿವಿಯೊಳಗಿನ ಹುಡುಗಿ

“ಈ ಹುಡುಗಿಗೆ ನೀವು ಯಾಕೆ ಸರ್ ಉತ್ತರ ಕೊಡಲಿಲ್ಲ?” ತರಬೇತಿಯ ಮೇಡಂ ವಿಡಿಯೋ ನಿಲ್ಲಿಸಿ ಕೇಳಿದರು.

“ಯಾವ ಹುಡುಗಿ?” ಎಂದರು ಭೂಗರ್ಭಶಾಸ್ತ್ರದ ಮೇಷ್ಟ್ರು.

ಆನ್‌ಲೈನಿನಲ್ಲಿ ಪಾಠ ಮಾಡುವ ಅಧ್ಯಾಪಕರಿಗೆ ವಿಶ್ವವಿದ್ಯಾಲಯ ಏರ್ಪಡಿಸಿದ್ದ ತರಬೇತಿಯ ಮೂರನೆಯ ದಿನ ಅದು. ಪ್ರತಿಯೊಬ್ಬರೂ ತಮ್ಮದೇ ಒಂದು ತರಗತಿಯ ರೆಕಾರ್ಡಿಂಗನ್ನು ಮೇಡಂ ಜೊತೆ ಕೂತು ನೋಡಬೇಕಿತ್ತು. ಮೊದಲ ದಿನವೇ ಮೇಷ್ಟ್ರು ಎದ್ದು ನಿಂತು, “ಮನೆಯಲ್ಲಿ ಕೂತು ಎರಡು ತಿಂಗಳಿಂದ ಗೋಡೆಗೆ ಪಾಠ ಹೇಳ್ತಿದ್ದೀನಿ. ಒಬ್ಬರೂ ತುಟಿ ಪಿಟಿಕ್ ಅನ್ನಲ್ಲ. ತರಬೇತಿ ಬೇಕಿರೋದು ಅವರಿಗೆ,” ಎಂದು ಚಪ್ಪಾಳೆ ಗಿಟ್ಟಿಸಿದ್ದರು. ಇವತ್ತು ಆ ಹುರುಪು ಇರಲಿಲ್ಲ. ನಾಲ್ಕು ಗಂಟೆಗೆ ಅಮ್ಮನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು.

ಮೇಡಂ ವಿಡಿಯೋವನ್ನು ಹಿಂದಕ್ಕೆ ಓಡಿಸಿದರು. ಪರದೆಯ ಮೇಲಿನ ಮೇಷ್ಟ್ರು, “ಸುಣ್ಣದ ಕಲ್ಲಿನ ಮೇಲೆ ಆಮ್ಲ ಬಿದ್ದರೆ ಏನಾಗುತ್ತೆ?” ಎಂದು ಕೇಳಿದರು. ಕೂಡಲೇ ನೆಗಡಿ ಹಿಡಿದಂಥ ಒಂದು ಹೆಣ್ಣುದನಿ ಸ್ಪಷ್ಟವಾಗಿ ಹೇಳಿತು: “ನೊರೆ ಬರುತ್ತೆ ಸರ್, ಕಲ್ಲು ಕರಗುತ್ತೆ. ನಮ್ಮ ಅಡುಗೆಕಟ್ಟೆ ಅಮೃತಶಿಲೆದು. ನಿಂಬೆಹಣ್ಣು ಹೆಚ್ಚಿಟ್ಟು ಮರೆತುಬಿಟ್ಟಿದ್ದೆ. ಎಷ್ಟು ತಿಕ್ಕಿದ್ರೂ ಕಲೆ ಹೋಗ್ಲಿಲ್ಲ. ಅದೂ ಇದೇ ತಾನೇ ಸರ್?”

ಪರದೆಯ ಮೇಷ್ಟ್ರು ಹತ್ತು ಎಣಿಸುವಷ್ಟು ಹೊತ್ತು ಕಾದರು, ಗಲ್ಲ ತುರಿಸಿಕೊಂಡರು. “ಯಾರೂ ಬಾಯಿ ಬಿಡಲ್ವಾ? ಸರಿ, ನಾನೇ ಬಡ್ಕೋತೀನಿ,” ಎಂದರು.

ಕೂತಿದ್ದ ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಇಂಥ ಚಂದದ ಉತ್ತರಕ್ಕೆ ತಾನು ಹೀಗಂದೆನೇ?

“ಸ್ಪೀಕರ್ ಕೆಟ್ಟಿದೆಯಾ ಸರ್?”

“ಪಾಠ ಮಾಡೋದೂ ನನ್ನ ಇದೇ ಲ್ಯಾಪ್‌ಟಾಪಿಂದಲೇ ಮೇಡಂ. ಈಗ ಕೇಳಿಸ್ತಾ ಇದೆಯಲ್ಲ.”

“ಚಾಟ್‌ನಲ್ಲಾದ್ರೂ ಯಾರಾದ್ರೂ ಬರೆದಿರಬೇಕಲ್ಲ?”

“ಅದನ್ನ ನಾನೇ ಮುಚ್ಚಿಸಿದ್ದೀನಿ. ತರಲೆ ಮಾಡ್ತಾರೆ ಅಂತ.”

ಮೇಡಂ ಏನೋ ಬರೆದುಕೊಂಡರು. ಮೇಷ್ಟ್ರನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಆ ಹುಡುಗಿಯ ದನಿಯನ್ನು ಅವರು ಈ ಮೊದಲು ಕೇಳಿಯೇ ಇರಲಿಲ್ಲ, ಆದರೆ ಆ ನಿಂಬೆಹಣ್ಣಿನ ಮಾತನ್ನು ಎಲ್ಲೋ ಕೇಳಿದ್ದರು. ಎಲ್ಲಿ ಎನ್ನುವುದು ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ, ಮತ್ತು ಹೊಳೆದ ಮೇಲೆ ಗೊಂದಲ ಇಮ್ಮಡಿಯಾಯಿತು.

ಹೇಳಿದ್ದು ಅಮ್ಮ. ಹದಿನೈದು ದಿನದ ಹಿಂದೆ, ಸೊಸೆಯ ಕೈಯಿಂದ ನಿಂಬೆಹಣ್ಣಿನ ಹೋಳು ಕಿತ್ತುಕೊಂಡು, “ಕಟ್ಟೆ ಮೇಲೆ ಇಡಬೇಡ ಕಣೇ, ಕಲ್ಲು ಕರಗಿಹೋಗುತ್ತೆ,” ಎಂದಿದ್ದಳು.

“ಯಾರು ಹೇಳಿದ್ರು ಅತ್ತೆ?”

“ಹುಡುಗಿ.”

“ಯಾವ ಹುಡುಗಿ?”

“ಕಿವಿಯೊಳಗೆ ಮಾತಾಡ್ತಾಳಲ್ಲ, ಅವಳು. ಪಾಪ, ಯಾರನ್ನೋ ಸರ್ ಸರ್ ಅಂತ ಕರೀತಿರ್ತಾಳೆ. ಆ ಪುಣ್ಯಾತ್ಮ ಓಗೊಡೋದೇ ಇಲ್ಲ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡಿದ್ದರು. ಅವತ್ತಿನಿಂದ ಅಮ್ಮನಿಗೆ ಒಲೆ ಹಚ್ಚಲು ಬಿಟ್ಟಿರಲಿಲ್ಲ. ಹೊರಗೆ ಒಬ್ಬಳನ್ನೇ ಕಳಿಸಿರಲಿಲ್ಲ.

ಮೇಷ್ಟ್ರು ಮನೆ ಸೇರಿದಾಗ ಅಮ್ಮ ಒಳ್ಳೆಯ ಸೀರೆ ಉಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಕೋಣೆಯಲ್ಲಿ ಕೂತಿದ್ದಳು. “ನನಗೆ ತಲೆ ಕೆಟ್ಟಿದೆ ಅಂತ ಅವರು ಬರೆದುಕೊಟ್ಟರೆ ನನ್ನ ಎಲ್ಲಿಗೆ ಕಳಿಸ್ತೀಯೋ?” ಎಂದಳು. ಮೇಷ್ಟ್ರು ಪಕ್ಕದ ಕೋಣೆಗೆ ಹೋದರು, ಎಂದಿನಂತೆ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪ್ ತೆರೆದು, ಅದೇ ರೆಕಾರ್ಡಿಂಗಿನಲ್ಲಿ ಹುಡುಗಿ ಮಾತಾಡುವ ಜಾಗವನ್ನು ಒತ್ತಿದರು. ವಿಡಿಯೋ ಓಡಿತು. ಒಂದು ಪಿಸುಮಾತೂ ಕೇಳಲಿಲ್ಲ.

ಅಮ್ಮನ ಕೋಣೆಯಿಂದ ಕೂಗು ಬಂತು. “ಬಂದ್ಲು ನೋಡು, ಮತ್ತೆ ಅದೇ ನಿಂಬೆಹಣ್ಣಿನ ಸುದ್ದಿ.” ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು, ಗಾಬರಿಯ ದನಿಯಲ್ಲಿ, “ಅಯ್ಯೋ, ಈಗ ನೀನೂ ಬಂದೆಯಲ್ಲೋ ಕಿವಿಯೊಳಗೆ.”

ಎರಡು ತಿಂಗಳ ಹಿಂದೆ, ದೂರದೂರಿನ ಮಗಳ ಜೊತೆ ವಿಡಿಯೋದಲ್ಲಿ ಮಾತಾಡುವಾಗ ಅಮ್ಮನಿಗೆ ಚೆನ್ನಾಗಿ ಕೇಳಲಿ ಎಂದು ಮೇಷ್ಟ್ರೇ ಅವಳ ಕಿವಿ ಮೆಷಿನ್ನನ್ನು ಬ್ಲೂಟೂತ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದ್ದರು. ಜೋಡಿಸಿದ್ದನ್ನು ಬಿಡಿಸಿರಲಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಅದರ ದನಿ ಪೂರ್ತಿ ಅಮ್ಮನ ಕಿವಿಗೆ ಹೋಗುತ್ತಿತ್ತು. ಪಾಠದ ಹೊತ್ತಿನಲ್ಲಿ ವಿದ್ಯಾರ್ಥಿಗಳ ದನಿ ಮಾತ್ರ, ರೆಕಾರ್ಡಿಂಗ್ ಹಾಕಿದರೆ ಮೇಷ್ಟ್ರದೂ. ವಿಶ್ವವಿದ್ಯಾಲಯದಲ್ಲಿ ಅಮ್ಮ ಇಲ್ಲದ್ದರಿಂದ ಅದು ಸ್ಪೀಕರಿನಲ್ಲೇ ಕೇಳಿಸಿತ್ತು.

ಮೇಷ್ಟ್ರು ತಡವರಿಸುತ್ತ ಇದನ್ನೆಲ್ಲ ಬಿಡಿಸಿ ಹೇಳಿದರು. ಹೆಂಡತಿ ಹೋಗಿ, ಬರುವುದಿಲ್ಲವೆಂದು ವೈದ್ಯರಿಗೆ ಫೋನ್ ಮಾಡಿದಳು. ಬಂದು ಅತ್ತೆಯ ಕೈ ಹಿಡಿದುಕೊಂಡು ಕೂತಳು. ಮೇಷ್ಟ್ರಿಗೆ ನಗು ಬಂತು, ಅಳುವೂ ಬಂತು. “ನಿನಗೇನೂ ಆಗಿಲ್ಲಮ್ಮ. ಎಲ್ಲ ನನ್ನ ಎಡವಟ್ಟು,” ಎಂದರು.

ಅಮ್ಮನ ಮುಖ ಮಾತ್ರ ಅರಳಲಿಲ್ಲ. ಮಗನನ್ನೇ ದಿಟ್ಟಿಸಿ ನೋಡಿದಳು.

“ಹಾಗಾದ್ರೆ ಆ ಸರ್ರು ನೀನೇನಾ?”

“ಹೂಂ ಕಣಮ್ಮ.”

“ಹೋದ ಸೋಮವಾರ ಕೇಳಿದ್ಲು, ‘ಸರ್, ನನ್ನಿಂದ ಏನಾದ್ರೂ ತಪ್ಪಾಯ್ತಾ’ ಅಂತ. ಏನೂ ಇಲ್ಲ ಮಗಾ ಅಂತ ನಾನೇ ಹೇಳ್ದೆ, ಅವಳಿಗೆ ಕೇಳಿಸ್ಲಿಲ್ಲ. ಅವತ್ತಿಂದ ಪಾಠದಲ್ಲಿ ಮಾತಾಡೋದು ಬಿಟ್ಟಿದ್ದಾಳೆ. ಉಸಿರಾಡೋದು ಮಾತ್ರ ಕೇಳಿಸುತ್ತೆ.”