ಖಾಲಿ ಕೋಣೆ

"ಎಂತ ಕ್ಯಾಪ್ಟನ್, ಈ ಸಲ ಮನೆ ಬೇಡ್ವಾ? ಹೆಂಡತಿ ಹತ್ರ ಜಗಳವಾ?" ಮಂಗಳೂರಿನ ಹೋಟೆಲಿನ ಕೌಂಟರಿನಲ್ಲಿ ವಿಲ್ಮಾ ನಕ್ಕಳು.

"ಬೇಡಮ್ಮ, ಖಾಲಿ ಕೋಣೆನೇ ಕೊಡಿ," ಎಂದರು ಪ್ರಸನ್ನಕುಮಾರ್.

ಪೈಲಟ್‌ಗಳು ತಂಗುವ ಹೋಟೆಲುಗಳಲ್ಲಿ ಈಗ ಕೋಣೆಗಳು ಕಂಪ್ಯೂಟರ್ ಮೂಡಿಸುವ ಬಿಂಬಗಳಿಂದ ಅವರವರ ಮನೆಯಾಗಿ ಮಾರ್ಪಡುತ್ತಿದ್ದವು. ಬಾಗಿಲು ತೆರೆದರೆ ಮೈಸೂರಿನ ಅದೇ ಹಜಾರ, ಒಗ್ಗರಣೆಯ ಘಮ, ಓಡಿಬರುವ ಮಗಳು ಇಂಚರ. ಇಡೀ ವರ್ಷ ಊರೂರಿನ ಹೋಟೆಲುಗಳಲ್ಲಿ ಅವರು ಆ ಬಿಂಬದ ಮಗಳ ಮಾತು ಕೇಳುತ್ತ ಕಾಲ ಕಳೆದಿದ್ದರು. ನಿದ್ದೆ ಬಂದಾಗ "ಸಾಕು, ಆಫ್ ಆಗು" ಎಂದರೆ ಅವಳು ನಗುನಗುತ್ತಲೇ ಮಾಯವಾಗುತ್ತಿದ್ದಳು.

ಹೋದ ವಾರ ರಜೆಗೆ ಮೈಸೂರಿಗೆ ಹೋದವರು ಸೋಫಾದ ಮೇಲೆ ಒರಗಿ, ಕಥೆ ಹೇಳುತ್ತಿದ್ದ ನಿಜವಾದ ಇಂಚರಳಿಗೂ ಅದೇ ಮಾತು ಹೇಳಿಬಿಟ್ಟರು. ಅವಳು ಮಾಯವಾಗಲಿಲ್ಲ. ಕಥೆಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದಳು. ಆಮೇಲೆ ಅವರೊಂದಿಗೆ ಮಾತೇ ಆಡಲಿಲ್ಲ.

ಖಾಲಿ ಕೋಣೆಯಲ್ಲಿ ಒಂದು ಮಂಚ, ಬಿಳಿ ಗೋಡೆ. ಇನ್ನು ಯಾವ ಊರಿಗೆ ಹೋದರೂ ಇಂಥ ಗೋಡೆಯೇ ಸಾಕೆಂದು ನಿರ್ಧರಿಸಿ ಅವರು ಮಲಗಿಕೊಂಡೇ ಮನೆಗೆ ಫೋನ್ ಮಾಡಿದರು. ಹೆಂಡತಿ ಅದನ್ನು ಮಗಳ ಕೈಗೆ ಕೊಟ್ಟಳು. ಆ ಕಡೆಯಿಂದ ಮಾತಿಲ್ಲ, ಉಸಿರಷ್ಟೇ ಕೇಳುತ್ತಿತ್ತು. ಅವರೂ ಮಾತಾಡಲಿಲ್ಲ, ಫೋನನ್ನೂ ಇಡಲಿಲ್ಲ. ತರಿಸಿದ್ದ ಚಹಾ ತಣ್ಣಗಾಯಿತು. ಸಂಜೆಯ ಬಿಸಿಲು ನೆಲದಿಂದ ಗೋಡೆಗೇರಿತು.

"ಅಪ್ಪ, ನೀನು ಆಫ್ ಆದ್ಯಾ?"

"ಇಲ್ಲ ಪುಟ್ಟ, ಇಲ್ಲೇ ಇದ್ದೀನಿ."

"ಹಾಗಾದ್ರೆ ಕೇಳು. ಆವತ್ತಿನ ಕಥೆ ಇನ್ನೂ ಬಾಕಿ ಇದೆ."

ಪ್ರಸನ್ನಕುಮಾರ್ ಮಂಚದ ಮೇಲೆ ನೆಟ್ಟಗೆ ಎದ್ದು ಕೂತರು.