ನಿಲ್ಲದ ಲಾರಿ

ನೆರೆ ಬಂದ ಊರುಗಳಿಗೆ ಅಕ್ಕಿ, ಬೇಳೆ ಕಳಿಸುವ ಹೊಣೆ ಶ್ರೀಶೈಲನದು. ಲಾರಿ ಹೊರಡುವಾಗ ಪ್ರತಿ ಡ್ರೈವರನಿಗೂ ಆತ ಹೇಳುತ್ತಿದ್ದುದು ಒಂದೇ ಮಾತು: "ದಾರ್‍ಯಾಗ ಯಾರು ಕೈ ಮಾಡಿದ್ರೂ ನಿಲ್ಲಸಬ್ಯಾಡ." ಹಿಂದೊಮ್ಮೆ ನಿಲ್ಲಿಸಿದ ಲಾರಿ ಅಲ್ಲೇ ಬರಿದಾಗಿ, ಕೊನೆಯ ಊರಿಗೆ ಒಂದು ಕಾಳೂ ಮುಟ್ಟಿರಲಿಲ್ಲ.

ಅಂದು ಬೆಳಿಗ್ಗೆ ಡ್ರೈವರ್ ದಸ್ತಗೀರ ಫೋನ್ ಮಾಡಿದ.

"ಸಾಹೇಬ್ರ, ಮಂದಿ ರಸ್ತೇಕ್ಕ ಬಂದಾರ. ಹೆಣ್ಮಕ್ಕಳು ಸೆರಗು ಬೀಸಾಕತ್ತಾರ. ಎರಡು ಚೀಲ ಇಳಸ್ಲೇನ್ರಿ?"

"ಎರಡು ಇಳಿಸಿದ್ರ ಎಲ್ಲಾ ಇಳಸ್ತಾರ. ಹಾರ್ನ್ ಹೊಡಕೋತ ಹೋಗು."

"ಒಬ್ಬ ಮುದುಕ ಅಡ್ಡ ನಿಂತಾನ್ರಿ."

"ಬಾಜೂಕ ತಗೊಂಡು ಹೋಗು."

ಆಮೇಲೆ ಫೋನ್ ಸಿಗಲಿಲ್ಲ. ನೀರು ಬಂದಾಗಿನಿಂದ ಆ ಕಡೆಯ ಟವರು ಆಗಾಗ ಕೈಕೊಡುತ್ತಿದ್ದುದರಿಂದ ಅದೇನೂ ಹೊಸದಲ್ಲ. ಆದರೆ ಮಧ್ಯಾಹ್ನ ಊಟಕ್ಕೆ ಕೂತ ಶ್ರೀಶೈಲ ತಟ್ಟೆ ಸರಿಸಿ ಎದ್ದುಬಿಟ್ಟ. ಹಸಿದವರ ಕಣ್ಣೆದುರೇ ಅಕ್ಕಿ ದಾಟಿಸಿಬಿಟ್ಟೆನಲ್ಲ ಎಂದು ಒಳಗೊಳಗೇ ಕೊರೆಯತೊಡಗಿತು. ಕೊನೆಗೆ, ಊರೂರಿನ ಮಂದಿ ಕಟ್ಟಿ ಕಳಿಸಿದ್ದ ರೊಟ್ಟಿ ಗಂಟುಗಳನ್ನು ಜೀಪಿಗೆ ಹೇರಿಕೊಂಡು ತಾನೇ ಹೊರಟ.

ಅದೇ ರಸ್ತೆಯಲ್ಲಿ ಆ ಮಂದಿ ಇನ್ನೂ ಕೈ ಬೀಸುತ್ತ ನಿಂತಿದ್ದರು. ಮುದುಕನೂ ಇದ್ದ. ಶ್ರೀಶೈಲ ಜೀಪು ನಿಲ್ಲಿಸಿ ಇಳಿದು, ಒಂದು ಗಂಟನ್ನು ಅವನತ್ತ ಚಾಚಿದ.

"ತಪ್ಪಾತಜ್ಜಾ. ಮುಂಜಾನೆ ಲಾರಿ ನಿಲ್ಲಸಬೇಕಿತ್ತು."

ಮುದುಕ ಗಂಟಿನತ್ತ ನೋಡಲೂ ಇಲ್ಲ.

"ನಮಗ ರೊಟ್ಟಿ ಅದಾವ್ರಿ, ಸಾಹೇಬ್ರ. ಮುಂದ ನೀರಿನ ಕೆಳಗ ಸೇತುವಿ ಕಿತ್ತು ಹೋಗೇತಿ. ಆ ಲಾರಿಯವಗೂ ಅದನ್ನ ಹೇಳಾಕ ಕೈ ಮಾಡಿದ್ವಿ."