ಕೆಂಪು ಹೆಬ್ಬೆಟ್ಟು

ಬಲ್ಲವರು ಬರೆಯಬೇಕಾದ ಕಥೆಯಿದು. ಹೇಳಲು ಹೊರಟ ನನ್ನ ಧೈರ್ಯಕ್ಕೆ ಮೊದಲೇ ಕ್ಷಮೆ ಇರಲಿ. ನಡುವೆ ಎಲ್ಲಾದರೂ ಪಂಪಾವತಿಗೆ ಅನ್ಯಾಯವಾದರೆ ತಪ್ಪು ನನ್ನದು, ಅವಳದಲ್ಲ.

ಆ ಭಾನುವಾರ ಸಂಜೆ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ವಾಚನಾಲಯದಲ್ಲಿ ಮೌನೇಶ ಎದ್ದು ನಿಂತು ಕಾದಂಬರಿಯ ಕೊನೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಜಗಳವಾಡಿ ಹೊಳೆಯ ಆಚೆ ದಡ ಸೇರಿದ್ದ ಅಣ್ಣನನ್ನು ಕರೆತರಲು ತಮ್ಮ ತುಂಬಿದ ಪ್ರವಾಹದಲ್ಲೇ ಹರಿಗೋಲು ಬಿಡುತ್ತಾನೆ. ಬೆಳಗಾಗುವ ಹೊತ್ತಿಗೆ ಇಬ್ಬರೂ ಈಚೆಗೆ ಬಂದು, ಮಾತಿಲ್ಲದೆ ಒಂದೇ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾರೆ. "ನಂಗ ಭಾಳ ಹಿಡಿಸಿದ್ದು ಆ ಟವೆಲ್ ನೋಡ್ರಿ" ಎಂದು ಕೂತ. ಸಂಡೂರಿನ ಗಣಿಯಿಂದ ಅದಿರು ಹೇರಿಕೊಂಡು ಬರುವ ಲಾರಿಯ ಡ್ರೈವರ್ ಅವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ. ದಾರಿಯುದ್ದ ಲಾರಿಗಳು ಸಾಲುಗಟ್ಟಿ ನಿಂತಾಗ ಸ್ಟೇರಿಂಗ್ ಮೇಲೆ ಪುಸ್ತಕ ಆನಿಸಿ ಓದುತ್ತಿದ್ದ. ಕಂಪ್ಲಿಯಲ್ಲಿ ಒಬ್ಬ ಅಣ್ಣ ಇದ್ದಾನೆ ಎಂದದ್ದು ಬಿಟ್ಟರೆ ತನ್ನ ಮನೆಯ ಮಾತು ಎತ್ತಿದವನಲ್ಲ.

ವಾಚನಾಲಯ ನೋಡಿಕೊಳ್ಳುತ್ತಿದ್ದ ಚನ್ನಯ್ಯ ಮೇಷ್ಟ್ರು ಆ ಬೇಸಿಗೆಗೆ ಒಂದು ಪಂಥ ಹಾಕಿದ್ದರು. ಹೊಸದಾಗಿ ತರಿಸಿದ, ಇನ್ನೂ ಯಾರೂ ತೆರೆಯದ ಪುಸ್ತಕಗಳಲ್ಲಿ ವಾರಕ್ಕೊಂದು ಓದಬೇಕು, ಭಾನುವಾರ ಬಂದು ಅನಿಸಿದ್ದನ್ನು ಹೇಳಬೇಕು. ಒಬ್ಬರು ಮುಗಿಸಿದ್ದು ಅಲ್ಲೇ ಇನ್ನೊಬ್ಬರ ಕೈಗೆ, ಅವರೂ ಓದಿದ ಮೇಲೆ ಮೇಷ್ಟ್ರ ಮೇಜಿಗೆ. ಓದದೆ ಓದಿದೆ ಎಂದವರು ಪಂಥದಿಂದ ಹೊರಗೆ. ಅದನ್ನು ಪತ್ತೆ ಹಚ್ಚುವುದು ಮೇಷ್ಟ್ರಿಗೆ ಕಷ್ಟವಿರಲಿಲ್ಲ. ಗಣಿಯ ಕಾಲ ಅದು. ಮರದೆಲೆ, ಕಿಟಕಿ, ಒಣಹಾಕಿದ ಬಟ್ಟೆ, ಕೈಬೆರಳು, ಎಲ್ಲದರ ಮೇಲೂ ಅದಿರಿನ ದೂಳು. ತಿರುವಿದ ಪುಟದ ಮೂಲೆಯಲ್ಲಿ ಕೆಂಪು ಹೆಬ್ಬೆಟ್ಟು ಬೀಳದೆ ಇರುತ್ತಿರಲಿಲ್ಲ. ಹಿಂದಿನ ತಿಂಗಳಷ್ಟೇ ಕಿರಾಣಿ ಅಂಗಡಿಯ ಕೆಂಚಣ್ಣ ಓದಿದೆನೆಂದ ಪುಸ್ತಕವನ್ನು ಬೆಳಕಿಗೆ ಹಿಡಿದು, "ಏನಪ್ಪಾ ಕೆಂಚಣ್ಣ, ಅರ್ಧಕ್ಕ ಬಂದು ಕೈ ತೊಳಕೊಂಡೀ ಏನು?" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಕೆಂಚಣ್ಣ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಮೌನೇಶ ಓದಿದ್ದು ಯಾವಾಗಲೂ ಪಂಪಾವತಿಯ ಸರದಿಗೆ ಬರುತ್ತಿತ್ತು. ಹಗಲು ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಅವಳ ಕೆಲಸ, ಆಮೇಲೆ ಸಂಜೆ ಕಾಲೇಜು, ನಡುವೆ ಸಿಕ್ಕಷ್ಟು ಓದು. ಅವನ ಅಗಲವಾದ ಹೆಬ್ಬೆಟ್ಟು ಪುಟಪುಟಕ್ಕೂ ಅವಳಿಗಿಂತ ಮುಂದೆ ಹೋಗುತ್ತಿರುತ್ತಿತ್ತು. ಗುರುತು ಗಾಢವಾಗಿದ್ದಲ್ಲಿ ಅವನು ತಡೆದು ನಿಂತಿದ್ದನೇನೋ ಎಂದು ಅವಳೂ ನಿಂತು, ಅದೇ ಸಾಲನ್ನು ಇನ್ನೊಮ್ಮೆ ಓದುತ್ತಿದ್ದಳು. ಒಬ್ಬಳೇ ಓದುತ್ತಿದ್ದೇನೆ ಅನ್ನಿಸುತ್ತಲೇ ಇರಲಿಲ್ಲ.

ಈ ಸಲ, ತಮ್ಮ ಹರಿಗೋಲಿನ ಹಗ್ಗ ಬಿಚ್ಚುವ ಪುಟದಲ್ಲಿ ಆ ಗುರುತು ನಿಂತುಹೋಗಿತ್ತು. ಮುಂದಿನ ಪುಟಗಳೆಲ್ಲ ಬೆಳ್ಳಗೆ. ಅವಳು ಓದುತ್ತ ಹೋದಳು. ಕೊನೆಗೆ ದಡಕ್ಕೆ ಬಂದು ಬಡಿದದ್ದು ಖಾಲಿ ಹರಿಗೋಲು. ಟವೆಲ್ ಎಲ್ಲಿಯೂ ಇರಲಿಲ್ಲ.

ಮೇಷ್ಟ್ರು ತಿರುವಿ ನೋಡಿದರೆ ಮೌನೇಶನೂ ಕೆಂಚಣ್ಣನ ಹಾಗೆಯೇ ಹೊರಗೆ. ವಾರವೆಲ್ಲ ಕ್ಲೀನರನ ಬೈಗುಳ, ಹಾರನ್ನಿನ ಸದ್ದು ಕೇಳುವವನಿಗೆ, ತನ್ನ ಮಾತನ್ನು ನಾಲ್ಕು ಜನ ಕೂತು ಕೇಳುವ ಜಾಗ ಅದೊಂದೇ ಎಂದು ಅವಳಿಗೆ ಗೊತ್ತಿತ್ತು. ಸುಳ್ಳಾಡಿದರೆ ಮುಖದಲ್ಲೇ ಕಾಣುವ ಹುಡುಗಿ ಅವಳು. ಆದರೂ ಕಿಟಕಿಯ ಕಟ್ಟೆಯ ಮೇಲಿನ ದೂಳಿಗೆ ಹೆಬ್ಬೆರಳು ಅದ್ದಿ, ಉಳಿದ ಪುಟಗಳ ಮೂಲೆಗೆಲ್ಲ ಒತ್ತುತ್ತ ಹೋದಳು. ಅಗಲವಾಗಿ ಕಾಣಲೆಂದು ಬೆರಳನ್ನು ಕೊಂಚ ಹೊರಳಿಸಿದಳು.

ಭಾನುವಾರ ಮೇಷ್ಟ್ರು ಪುಸ್ತಕ ಹಿಂದೆಮುಂದೆ ತಿರುವಿದರು. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ತಿರುವಿದರು. "ಮೌನೇಶಪ್ಪನ ಬಟ್ಟು ಕೊನೀಕೊನೀಗೆ ಸಣ್ಣಾಗ್ಯಾವಲ್ಲೋ" ಎಂದರು. ಯಾರೂ ನಗಲಿಲ್ಲ, ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರೇ, "ಲಾರಿ ತಿರುವಿ ತಿರುವಿ ಸವದಾವು ಬಿಡು" ಎಂದು ಪುಸ್ತಕ ಮುಚ್ಚಿ ಅವಳ ಕಡೆ ನೋಡಿದರು.

"ಹೇಳವ್ವ ಪಂಪಾವತಿ, ನಿಂಗೇನು ಹಿಡಿಸ್ತು?"

"ನಂಗೂ ಆ ಟವೆಲ್ ಭಾಳ ಹಿಡಿಸಿತ್ರಿ, ಸರ್" ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೌನೇಶ ತಲೆ ಎತ್ತಲಿಲ್ಲ. ಎಲ್ಲರೂ ಹೊರಟ ಮೇಲೆ ವಾಚನಾಲಯದ ಗೇಟಿನ ಹತ್ತಿರ ಕಾದು ನಿಂತಿದ್ದ. ಹೆಬ್ಬೆರಳನ್ನು ಅಂಗೈಯೊಳಗೆ ಮುಚ್ಚಿಕೊಂಡಿದ್ದ.

"ನೀವು ಕೊನೀತನಕ ಓದಿದ್ರೇನ್ರಿ?"

"ಹ್ಞೂಂ."

"ಇಬ್ರೂ ದಡ ಮುಟ್ಟಿದ್ರಾ?"

ಪಂಪಾವತಿ ರಸ್ತೆಯಾಚೆಯ ಡ್ಯಾಮಿನ ಕಾಲುವೆಯ ಕಡೆ ನೋಡಿದಳು. "ನೀವ ಓದಿ ನೋಡ್ರಿ" ಎಂದಷ್ಟೇ ಹೇಳಿದಳು. ಮುಂದಿನ ಭಾನುವಾರ ಅವನು ಬರಲಿಲ್ಲ. ಲಾರಿ ಬಳ್ಳಾರಿ ಕಡೆಯ ಬೇರೆ ಗಣಿಗೆ ಹೋಯಿತೆಂದು ಯಾರೋ ಅಂದರು.

ಎಷ್ಟೋ ವರ್ಷಗಳಾದ ಮೇಲೆ, ಗಣಿಗಳ ಸದ್ದಡಗಿ ಎಲೆಗಳು ಮತ್ತೆ ಹಸಿರಾಗಿ ಕಾಣತೊಡಗಿದ ಮೇಲೆ, ಅವಳು ವಾಚನಾಲಯದ ಕಪಾಟಿನಿಂದ ಆ ಪುಸ್ತಕ ತೆಗೆದಳು. ಅವಳು ಒತ್ತಿದ ಸಣ್ಣ ಗುರುತುಗಳು ಮಾಸಿದ್ದವು. ಕೊನೆಯ ಪುಟಕ್ಕೆ ಬಂದು ಕೈ ತಡೆಯಿತು. ಅಲ್ಲಿ ಅವಳದರ ಪಕ್ಕದಲ್ಲಿ ಇನ್ನೊಂದು ಹೆಬ್ಬೆಟ್ಟು, ಅಗಲವಾದದ್ದು, ಬಹಳ ಹೊತ್ತು ಒತ್ತಿ ಹಿಡಿದಂತೆ ಗಾಢವಾಗಿತ್ತು.

ಅದು ಮೌನೇಶನದೋ, ಅವನ ಹಾಗೆಯೇ ಓದಿದ ಇನ್ಯಾರದೋ. ಆಗ ಯಾರ ಕೈ ತಾನೇ ಕೆಂಪಾಗಿರಲಿಲ್ಲ? ಅದು ಅವನದೇ ಆಗಿದ್ದರೆ, ಓದಿ ಮುಗಿಸಿದವನು ಅಣ್ಣನಿರುವ ಕಂಪ್ಲಿಯ ಬಸ್ಸು ಹತ್ತಿದನೋ ಇಲ್ಲವೋ, ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.